ತಲೆ ತುಂಬಿ ತುಳುಕುತ್ತಿದೆ. "ನೋಡುವ ರೀತಿ ಬದಲಿಸು" ಅಂದರೆ ಏನು ಮಾಡಬೇಕು?

ಹಳೇಪೇಟೆ_ಮಗಳು · ಭಾನುವಾರ, ರಾತ್ರಿ 11:50

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವಳು, ವಯಸ್ಸು 41. ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿ ಇವತ್ತು ಬರೆಯುತ್ತಿದ್ದೇನೆ.

ಜನವರಿಯಲ್ಲಿ ಅಪ್ಪಾಜಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಆಡುವುದಿಲ್ಲ. ಮಾತು ತೊದಲುತ್ತದೆ. ಕಾಟನ್ ಮಿಲ್ಲಿನಲ್ಲಿ ದುಡಿದ ಜೀವ, ಒಂದು ದಿನ ಸುಮ್ನೆ ಕೂತವರಲ್ಲ. ಅಮ್ಮ ಇಲ್ಲ. ಮಗಳಿಗೆ ಈ ತಿಂಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ. ನಾನು ಹರಿಹರದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತೇನೆ. ಮಾರ್ಚ್ ಬಂತೆಂದರೆ ಅಲ್ಲಿ ತಲೆ ಎತ್ತುವ ಹಾಗಿಲ್ಲ. ಯಜಮಾನರು ಹುಬ್ಬಳ್ಳಿಯಲ್ಲಿ, ವಾರಕ್ಕೊಮ್ಮೆ ಬರುತ್ತಾರೆ. ಹಗಲು ಪಕ್ಕದ ಬೀದಿಯ ಒಬ್ಬ ಅಜ್ಜಿ ಅಪ್ಪಾಜಿ ಹತ್ತಿರ ಇರುತ್ತಾರೆ. ಮನೆ ಸಾಲದ ಕಂತು ಬೇರೆ.

ಮೊನ್ನೆ ಬೆಳಗ್ಗೆ ಐದಕ್ಕೆ ಹಾಲು ಕಾಯಲು ಇಟ್ಟು ಎದುರಿಗೇ ನಿಂತಿದ್ದೆ. ಹಾಲು ಏರಿತು, ಉಕ್ಕಿತು, ಒಲೆ ಆರಿತು. ನೋಡುತ್ತಲೇ ಇದ್ದೆ. ಕೈ ಚಾಚಿ ಬಂದ್ ಮಾಡಬೇಕು ಅಂತ ಹೊಳೆಯಲೇ ಇಲ್ಲ. ಗ್ಯಾಸಿನ ವಾಸನೆಗೆ ಮಗಳು ಎದ್ದು ಬಂದು ತಿರುವಿದಳು. ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ಎಲ್ಲರೂ ಹೇಳುವುದು ಒಂದೇ ಮಾತು, ನೋಡುವ ರೀತಿ ಬದಲಿಸಿಕೋ. ತಮ್ಮ ಬೆಂಗಳೂರಿನಿಂದ ಫೋನ್ ಮಾಡಿ "ಪಾಸಿಟಿವ್ ಆಗಿರು ಅಕ್ಕ" ಅನ್ನುತ್ತಾನೆ. ಬದಲಿಸುವುದು ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ನಿಜವಾಗಿ ಬದಲಾಗಿದೆಯಾ? ಆಗಿದ್ದರೆ ಏನು ಮಾಡಿದಿರಿ? ದಯವಿಟ್ಟು ಭಾಷಣ ಬೇಡ.

ಮಂಡಕ್ಕಿ_ಮಿರ್ಚಿ · 11:58

ಅಕ್ಕ, ಮೊದಲು ಇವತ್ತು ಊಟ ಮಾಡಿದಿರಾ ಹೇಳಿ.

ಹಳೇಪೇಟೆ_ಮಗಳು · ರಾತ್ರಿ 12:03

ಮಧ್ಯಾಹ್ನ ಮಾಡಿದ್ದೆ. ರಾತ್ರಿ ನೆನಪಾಗಲಿಲ್ಲ.

ಕುಂದವಾಡ_ವಾಕಿಂಗ್ · ಸೋಮವಾರ, ಬೆಳಗ್ಗೆ 6:10

ತಂಗಿ, ನಾನು ದಿನಾ ಕುಂದವಾಡ ಕೆರೆ ಸುತ್ತುವವನು. ನಿವೃತ್ತನಾದ ಮೇಲೆ ನನಗೂ ಒಂದು ವರ್ಷ ತುಂಬಾ ಕೆಟ್ಟದಾಗಿತ್ತು. ನಡಿಗೆ, ಪ್ರಾಣಾಯಾಮ ನನ್ನನ್ನು ಉಳಿಸಿದವು. ಇನ್ನೊಂದು ಮಾತು. ನಮಗಿಂತ ಕಷ್ಟದಲ್ಲಿರುವವರನ್ನು ನೆನೆಯಿರಿ. ಚಿತ್ರದುರ್ಗದ ಕಡೆ ರೈತರನ್ನು ನೋಡಿ. ಮಳೆ ಇಲ್ಲ, ಬೆಲೆ ಇಲ್ಲ. ಅವರ ಮುಂದೆ ನಮ್ಮದು ಯಾವ ಕಷ್ಟ ಅಂದುಕೊಂಡರೆ ಮನಸ್ಸು ಹಗುರವಾಗುತ್ತದೆ. ಪುರುಸೊತ್ತಾದಾಗ ಒಂದು ಸಲ ದುರ್ಗದ ಕೋಟೆ ಹತ್ತಿ ಬನ್ನಿ. ಮೇಲಿನಿಂದ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ.

ಚಳ್ಳಕೆರೆ_ಈರುಳ್ಳಿ · 8:25

ಸಾರ್, ನೀವು ಹೇಳಿದ ಆ ರೈತ ನಾನೇ. ನನ್ನ ಕಷ್ಟ ನೋಡಿ ಇನ್ನೊಬ್ಬರ ಮನಸ್ಸು ಹಗುರವಾಗಬೇಕು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಬೇಜಾರಾಗಬೇಡಿ. ಅವರಪ್ಪನಿಗೆ ಲಕ್ವ ಹೊಡೆದಿದೆ. ನನ್ನ ಈರುಳ್ಳಿ ಕೊಳೆತರೆ ಅವರಪ್ಪನ ಕೈ ಆಡುತ್ತದೆಯೇ? "ಅವರಿಗಿಂತ ನಿನ್ನದೇನು ದೊಡ್ಡದು" ಅಂದರೆ ಇರುವ ಭಾರದ ಮೇಲೆ ತಪ್ಪಿತಸ್ಥ ಭಾವ ಇನ್ನೊಂದು ಹೊರೆಯಾಗುತ್ತದೆ. ನನಗೆ ಹಾಗೇ ಆಗಿತ್ತು.

ಕೋಟೆಯನ್ನೂ ಹತ್ತಿ ನೋಡಿದ್ದೇನೆ. ಒಂದು ವರ್ಷ ಈರುಳ್ಳಿ ಲಾರಿಗೆ ಹಾಕಿ ಬೆಂಗಳೂರಿಗೆ ಕಳಿಸಿದರೆ ಬಾಡಿಗೆಯೂ ಹುಟ್ಟಲಿಲ್ಲ. ಆಗ ನನ್ನ ಭಾವ ಕರೆದುಕೊಂಡು ಹೋಗಿದ್ದರು. ಏಳು ಸುತ್ತು ದಾಟಿ ಮೇಲೆ ಹೋಗಿ ನಿಂತೆ. ಊರು ಚಿಕ್ಕದಾಗಿ ಕಂಡಿದ್ದು ನಿಜ. ಸಾಲ ಚಿಕ್ಕದಾಗಲಿಲ್ಲ. ಹೆದ್ದಾರಿಯಲ್ಲಿ ಹೋಗುವ ಲಾರಿಗಳನ್ನೇ ನೋಡುತ್ತಾ ಕೂತಿದ್ದೆ.

ನನಗೆ ಉಪಯೋಗಕ್ಕೆ ಬಂದಿದ್ದು ಅಕ್ಕನ ಮಗ. ಡಿಗ್ರಿ ಓದುತ್ತಿದ್ದ ಹುಡುಗ. ಒಂದು ರಾತ್ರಿ ನನ್ನ ಮುಂದೆ ಕೂತು "ಮಾಮ, ಯಾರಿಗೆ ಎಷ್ಟು ಕೊಡಬೇಕು, ಒಂದೊಂದಾಗಿ ಹೇಳಿ" ಅಂದ. ನಾನು ಹೇಳಿದೆ, ಅವನು ಹಾಳೆಯಲ್ಲಿ ಬರೆದ. ಬ್ಯಾಂಕು, ಸೊಸೈಟಿ, ಗೊಬ್ಬರದ ಅಂಗಡಿ, ಕೊನೆಗೆ ಹೆಂಡತಿಯ ಅಣ್ಣ. ಬರೆದು ಮುಗಿಸಿ "ಇದರಲ್ಲಿ ನಿಮಗೆ ನಿದ್ದೆ ಕೆಡಿಸುತ್ತಿರುವುದು ಯಾವುದು?" ಅಂತ ಕೇಳಿದ. ನಾನು ಬೆರಳಿಟ್ಟಿದ್ದು ಹೆಂಡತಿಯ ಅಣ್ಣನ ಹದಿನೆಂಟು ಸಾವಿರದ ಮೇಲೆ. ಎಲ್ಲದಕ್ಕಿಂತ ಚಿಕ್ಕದು. ನಾನು ಅಷ್ಟು ದಿನ ಹೊತ್ತಿದ್ದು ದುಡ್ಡಿನ ಚಿಂತೆಯಲ್ಲ, ನಾಚಿಕೆ. ಆ ಹಾಳೆ ನೋಡುವವರೆಗೂ ನನಗೇ ಗೊತ್ತಿರಲಿಲ್ಲ. ಮರುದಿನ ಹೋಗಿ ಅವರ ಹತ್ತಿರ ಮಾತಾಡಿದೆ, ಆರು ತಿಂಗಳು ಟೈಮ್ ಕೊಟ್ಟರು. ಬ್ಯಾಂಕಿನ ಸಾಲ ಹಾಗೇ ಇತ್ತು. ಆದರೆ ಅಂದು ನಿದ್ದೆ ಬಂತು.

ಕುಂದವಾಡ_ವಾಕಿಂಗ್ · 8:51

ತಪ್ಪಾಯಿತಪ್ಪ. ನಾನು ಆ ಅರ್ಥದಲ್ಲಿ ಹೇಳಲಿಲ್ಲ, ಆದರೂ ನಿಮ್ಮ ಮಾತು ಸರಿ. ಪ್ರಾಣಾಯಾಮದ ವಿಷಯ ಮಾತ್ರ ನಾನು ಬಿಡುವುದಿಲ್ಲ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿದರೆ ಎದೆಬಡಿತ ನಿಧಾನವಾಗುತ್ತದೆ. ಇದು ನಂಬಿಕೆಯಲ್ಲ, ದೇಹದ ಲೆಕ್ಕ. ಎರಡು ನಿಮಿಷ ಸಾಕು.

ರಾತ್ರಿ_ಪಾಳಿ_ನರ್ಸ್ · 9:40

ಈಗ ಡ್ಯೂಟಿ ಮುಗಿಸಿ ಬಂದು ಓದಿದೆ. ಅಕ್ಕ, ಒಂದೇ ಪ್ರಶ್ನೆ. ರಾತ್ರಿ ಒಟ್ಟು ಎಷ್ಟು ಗಂಟೆ ಮಲಗುತ್ತೀರಿ?

ಹಳೇಪೇಟೆ_ಮಗಳು · 10:15

ಮೂರು, ಮೂರೂವರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಅಲಾರಂ ಇಟ್ಟುಕೊಂಡು ಏಳುತ್ತೇನೆ. ಒಂದು ಸಲ ಎದ್ದರೆ ಮತ್ತೆ ನಿದ್ದೆ ಹತ್ತುವುದಿಲ್ಲ.

ರಾತ್ರಿ_ಪಾಳಿ_ನರ್ಸ್ · 10:32

ಹಾಲು ಉಕ್ಕಿದ್ದು ಅದಕ್ಕೇ. ಎರಡು ತಿಂಗಳು ಮೂರು ಗಂಟೆ ನಿದ್ದೆ ಮಾಡಿದರೆ ಯಾರಿಗಾದರೂ ಹಾಗೇ ಆಗುತ್ತದೆ. ನೋಡುವ ರೀತಿ ಬದಲಿಸಬೇಕಾದರೆ ಮೊದಲು ಕಣ್ಣು ತೆರೆದಿರಬೇಕು, ಅಲ್ವಾ?

ಮಗ್ಗುಲು ಬದಲಿಸುವುದನ್ನು ಬಿಡಬೇಡಿ. ಬಿಟ್ಟರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ಅದು ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಏರ್ ಬೆಡ್ ಅಂತ ಬರುತ್ತದೆ. ಅದರ ಗುಳ್ಳೆಗಳಲ್ಲಿ ಗಾಳಿ ಸರದಿಯಲ್ಲಿ ತುಂಬಿ ಇಳಿಯುತ್ತಿರುತ್ತದೆ, ಒಂದೇ ಜಾಗಕ್ಕೆ ಒತ್ತಡ ಬೀಳುವುದಿಲ್ಲ. ಬಾಡಿಗೆಗೂ ಸಿಗುತ್ತದೆ. ಅದನ್ನು ಹಾಕಿದ ಮೇಲೆ ರಾತ್ರಿ ಎಷ್ಟು ಹೊತ್ತಿಗೊಮ್ಮೆ ತಿರುಗಿಸಿದರೆ ಸಾಕು ಅಂತ ಡಾಕ್ಟರ್ ಹತ್ತಿರ ಕೇಳಿ. ಚರ್ಮ ನೋಡಿ ಅವರೇ ಹೇಳುತ್ತಾರೆ. ಪ್ರತಿದಿನ ಸ್ನಾನ ಮಾಡಿಸುವಾಗ ಸೊಂಟ, ಹಿಮ್ಮಡಿ ಕೆಂಪಗಾಗಿದೆಯಾ ನೋಡಿ.

ಇನ್ನೊಂದು ಮಾತು ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಇದೆಲ್ಲ ಸಾಕು, ನಾನೇ ಇಲ್ಲದಿದ್ದರೆ ಒಳ್ಳೆಯದು ಅಂತ ಯಾವಾಗಲಾದರೂ ಅನ್ನಿಸಿದೆಯಾ? ಅನ್ನಿಸಿದ್ದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅನ್ನಿಸಿಲ್ಲದಿದ್ದರೂ ಮಾಡಬಹುದು. ಆ ನಂಬರ್ ಸಾಯಬೇಕು ಅನ್ನಿಸಿದವರಿಗೆ ಮಾತ್ರ ಅಂತ ಜನ ತಿಳಿದುಕೊಂಡಿದ್ದಾರೆ. ಅದು ತಪ್ಪು.

ಹಳೇಪೇಟೆ_ಮಗಳು · 10:50

ಹಾಗೆ ಅನ್ನಿಸಿಲ್ಲ. ಎಲ್ಲಿಗಾದರೂ ಹೋಗಿ ಎರಡು ದಿನ ಮಲಗಬೇಕು ಅನ್ನಿಸುತ್ತದೆ, ಅಷ್ಟೇ. ನಂಬರ್ ಬರೆದಿಟ್ಟುಕೊಂಡೆ. ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ.

ಎಂಎ_ಮನಶ್ಶಾಸ್ತ್ರ · ಮಧ್ಯಾಹ್ನ 1:20

ನಾನು ಸೈಕಾಲಜಿ ಓದುತ್ತಿರುವವಳು. ಚಳ್ಳಕೆರೆ ಅಣ್ಣ ಹೇಳಿದ ಹಾಳೆಯ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ.

ಆರನ್ ಬೆಕ್ ಅನ್ನುವ ಅಮೆರಿಕದ ಮನೋವೈದ್ಯರು 1960ರ ದಶಕದಲ್ಲಿ ಒಂದು ಚಿಕಿತ್ಸೆಯನ್ನು ಕಟ್ಟಿದರು. ಅದರಲ್ಲಿ "ಒಳ್ಳೆಯದನ್ನೇ ಯೋಚಿಸು" ಅಂತ ಎಲ್ಲೂ ಹೇಳುವುದಿಲ್ಲ. ತಲೆಗೆ ಬರುವ ಮಾತನ್ನು ಹಿಡಿದು "ಇದು ಪೂರ್ತಿ ನಿಜವೇ?" ಅಂತ ಪರೀಕ್ಷೆ ಮಾಡುತ್ತಾರೆ. "ನಾನೊಬ್ಬಳೇ ಎಲ್ಲ ಮಾಡಬೇಕು", "ಮಗಳು ಫೇಲ್ ಆದರೆ ನನ್ನಿಂದಲೇ", ಇಂಥವು. ಕೆಲವು ನಿಜವೇ ಆಗಿರುತ್ತವೆ. ಅವಕ್ಕೆ ಕೆಲಸ ಮಾಡಬೇಕು. ಕೆಲವು ನಿಜವಲ್ಲ, ಸುಸ್ತಾದಾಗ ನಿಜದ ಹಾಗೆ ಕೇಳಿಸುತ್ತವೆ.

ಬರೆಯುವುದಕ್ಕೂ ಆಧಾರವಿದೆ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಅನ್ನುವವರು ಕಾಲೇಜು ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಸಿದರು. ಮನಸ್ಸನ್ನು ತುಂಬಾ ನೋಯಿಸಿದ ಘಟನೆ, ಅದರ ಬಗ್ಗೆ ಅನ್ನಿಸಿದ್ದು, ಎರಡನ್ನೂ. ಹಾಗೆ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ್ ಹತ್ತಿರ ಹೋಗಿದ್ದು ಕಡಿಮೆ. ಬರೆದ ತಕ್ಷಣ ಹಗುರವಾಗಲಿಲ್ಲ ಅನ್ನುವುದನ್ನೂ ಹೇಳಬೇಕು. ಆ ಹೊತ್ತಿಗೆ ಮನಸ್ಸು ಭಾರವೇ ಆಗಿತ್ತು.

ಹಳೇಪೇಟೆ_ಮಗಳು · 2:05

ನೀವೆಲ್ಲ ಒಳ್ಳೆಯದಕ್ಕೇ ಹೇಳುತ್ತಿದ್ದೀರಿ. ಆದರೆ 15 ನಿಮಿಷ ಎಲ್ಲಿಂದ ತರಲಿ ಹೇಳಿ? ನಡಿಗೆಗೆ ಅರ್ಧ ಗಂಟೆ, ಪ್ರಾಣಾಯಾಮಕ್ಕೆ ಇಷ್ಟು, ಬರೆಯುವುದಕ್ಕೆ ಇಷ್ಟು. ಸಮಾಧಾನವಾಗಿರುವುದೂ ನನ್ನ ಕೆಲಸದ ಪಟ್ಟಿಗೆ ಸೇರಿತು.

ಹೊನ್ನಾಳಿ_ಸೊಸೆ · 2:11

ಈ ಮಾತು ನನ್ನ ಎದೆಗೆ ನಾಟಿತು.

ಎಂಎ_ಮನಶ್ಶಾಸ್ತ್ರ · 2:14

ಕ್ಷಮಿಸಿ ಅಕ್ಕ. ಹರಿಹರದ ಬಸ್ಸಿನಲ್ಲಿ? 14 ಕಿಲೋಮೀಟರ್, ಅರ್ಧ ಗಂಟೆ ಆಗುತ್ತದೆ. ಸೀಟು ಸಿಕ್ಕ ದಿನ ಫೋನಿನಲ್ಲೇ. ಸಿಗದ ದಿನ ಬೇಡ.

ಮಿಲ್_ಪಾಳಿ_70 · ಸಂಜೆ 5:30

ಅಮ್ಮ, ನಿಮ್ಮ ತಂದೆ ಮಿಲ್ಲಿನವರು ಅಂತ ಓದಿ ಬರೆಯುತ್ತಿದ್ದೇನೆ. ನಾನೂ 22 ವರ್ಷ ಮಿಲ್ಲಿನಲ್ಲಿದ್ದೆ. ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ.

ರಿಂಗ್ ಫ್ರೇಮ್ ಅಂದರೆ ನೂಲು ತೆಗೆಯುವ ಉದ್ದನೆಯ ಯಂತ್ರ. ಎರಡೂ ಬದಿ ಸೇರಿ ನಾನೂರರ ಆಸುಪಾಸು ಕದಿರು. ಕದಿರಿಗೊಂದು ಎಳೆ. ಹೊಸಬ ಎಲ್ಲ ಎಳೆಯನ್ನೂ ಒಟ್ಟಿಗೆ ನೋಡಲು ಹೋಗುತ್ತಿದ್ದ. ಅಲ್ಲಿ ಕಡಿಯಿತು ಅಂತ ಅಲ್ಲಿಗೆ, ಇಲ್ಲಿ ಕಡಿಯಿತು ಅಂತ ಇಲ್ಲಿಗೆ ಓಡುತ್ತಿದ್ದ. ಅರ್ಧ ಪಾಳಿಗೆ ಕಣ್ಣು ಕತ್ತಲೆ. ನನಗೂ ಮೊದಲ ವಾರ ಹಾಗೇ ಆಯಿತು, ಅತ್ತುಬಿಟ್ಟೆ. ಆಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ರಟ್ಟೆ ಹಿಡಿದು ನಡೆಸಿದರು. ಈ ತುದಿಯಿಂದ ಆ ತುದಿಗೆ ಒಂದೇ ಸಮ ನಡೆ. ಎದುರಿಗೆ ಕಡಿದದ್ದು ಸಿಕ್ಕರೆ ಕೂಡಿಸು, ಮುಂದೆ ಹೋಗು. ಬೆನ್ನ ಹಿಂದೆ ಕಡಿದದ್ದು ಮುಂದಿನ ಸುತ್ತಿಗೆ ಸಿಗುತ್ತದೆ. ಒಂದೇ ಒಂದು ಕಡೆ ಮಾತ್ರ ಓಡು. ಕಡಿದ ಎಳೆಯ ಹತ್ತಿ ರೋಲರಿಗೆ ಸುತ್ತಿಕೊಳ್ಳುತ್ತಿದ್ದರೆ ಅಲ್ಲಿಗೆ ಮೊದಲು ಹೋಗು, ಇಲ್ಲವಾದರೆ ಅಕ್ಕಪಕ್ಕದ ಎಳೆಗಳನ್ನೂ ಕೆಡಿಸುತ್ತದೆ.

ಯಂತ್ರ ನಮಗಾಗಿ ನಿಲ್ಲುತ್ತಿರಲಿಲ್ಲ. ಎಳೆ ಕಡಿಯುವುದೂ ನಿಲ್ಲುತ್ತಿರಲಿಲ್ಲ. ಆ ನರ್ಸ್ ತಾಯಿ ಹೇಳಿದ್ದು ಓದಿದೆ. ನಿಮಗೆ ಈಗ ರೋಲರಿಗೆ ಸುತ್ತಿಕೊಂಡಿರುವುದು ನಿದ್ದೆ ಅಂತ ನನಗೆ ಕಾಣುತ್ತದೆ.

ಮಂಡಕ್ಕಿ_ಮಿರ್ಚಿ · 5:48

ಹಿರಿಯರೇ, ಇದನ್ನು ನಾನು ಹಾಳೆಯಲ್ಲಿ ಬರೆದು ರೂಮಿನ ಗೋಡೆಗೆ ಅಂಟಿಸುತ್ತೇನೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದರು. ನಮ್ಮ ವಯಸ್ಸಿನವರಿಗೆ ಊರು ಅಂದರೆ ಬೆಣ್ಣೆ ದೋಸೆ ಮಾತ್ರ. ಒಳಗೆ ಏನು ನಡೆಯುತ್ತಿತ್ತು ಅಂತ ಇವತ್ತು ಗೊತ್ತಾಯಿತು.

ದುರ್ಗದ_ಗಾಳಿ · 6:20

ಧೈರ್ಯವಾಗಿರಿ ಅಕ್ಕ. ನಮ್ಮ ಮಾರಿಕಣಿವೆ ಅಣೆಕಟ್ಟು ನೋಡಿ. ಕಟ್ಟಿದ ಮೇಲೆ ನೂರು ವರ್ಷ ಒಂದು ಸಲವೂ ಕೋಡಿ ಬಿದ್ದಿರಲಿಲ್ಲ. 2022ರಲ್ಲಿ ತುಂಬಿ ಹರಿಯಿತು. ಕಾಯಬೇಕು.

ಹಿರಿಯೂರು_ತೆಂಗು · 6:44

ತಿದ್ದುಪಡಿ. 1907ರಲ್ಲಿ ಕಟ್ಟಿ ಮುಗಿಸಿದ್ದು, 1933ರಲ್ಲಿ ಒಮ್ಮೆ ಕೋಡಿ ಬಿದ್ದಿದೆ. ಆಮೇಲೆ 89 ವರ್ಷಕ್ಕೆ 2022ರ ಸೆಪ್ಟೆಂಬರ್. ಮತ್ತೆ 2025ರ ಜನವರಿಯಲ್ಲೂ ಬಿತ್ತು. ನಾನೇ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ನೋಡಿದ್ದೇನೆ.

ಇನ್ನೊಂದು ವಿಷಯ. ಸುಮ್ನೆ ಕಾದಿದ್ದಕ್ಕೆ ತುಂಬಲಿಲ್ಲ. ಮಳೆ ಜೋರಾಗಿತ್ತು ನಿಜ. ಅದರ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನೂ ಎತ್ತಿ ಇತ್ತ ಹರಿಸುತ್ತಿದ್ದರು. ಅಣೆಕಟ್ಟಿನ ಸ್ವಂತ ನದಿ ವೇದಾವತಿ ಒಬ್ಬಳ ಕೈಯಲ್ಲಿ ಆಗಿದ್ದಲ್ಲ. ಆ ನೀರಿಗಾಗಿ ನಮ್ಮ ಜಿಲ್ಲೆಯವರು ವರ್ಷಗಟ್ಟಲೆ ಕೇಳಿದ್ದಾರೆ, ರಸ್ತೆಗೆ ಇಳಿದಿದ್ದಾರೆ. ಬಾಯಿ ಬಿಟ್ಟು ಕೇಳಿದ್ದಕ್ಕೆ ಬಂತು.

ಹೊನ್ನಾಳಿ_ಸೊಸೆ · ರಾತ್ರಿ 8:02

ಹಿರಿಯೂರಿನವರು ನನ್ನ ಬಾಯಲ್ಲಿದ್ದ ಮಾತನ್ನೇ ಆಡಿದರು. ಅಕ್ಕ, ತಮ್ಮನ ಹತ್ತಿರ ಏನಾದರೂ ಕೇಳಿದ್ದೀರಾ? ಕಷ್ಟ ಹೇಳಿಕೊಂಡಿದ್ದೀರಾ ಅಂತಲ್ಲ. ಕೇಳಿದ್ದೀರಾ?

ಹಳೇಪೇಟೆ_ಮಗಳು · 8:30

ಅವನಿಗೆ ಕಣ್ಣಿಗೆ ಕಾಣುವುದಿಲ್ಲವೇ? ಜನವರಿಯಲ್ಲಿ ನಾಲ್ಕು ದಿನ ಇದ್ದು ಹೋದ. "ಏನಾದರೂ ಬೇಕಾದರೆ ಹೇಳು" ಅಂದ. "ನಾನು ನೋಡಿಕೊಳ್ಳುತ್ತೇನೆ ಬಿಡು" ಅಂದೆ. ಅಪ್ಪನಿಗೆ ಅವನೂ ಮಗನಲ್ವಾ? ಅದನ್ನೂ ನಾನೇ ಹೇಳಿಕೊಡಬೇಕಾ?

ಎಂಎ_ಮನಶ್ಶಾಸ್ತ್ರ · 8:41

ಅಕ್ಕನ ಕೋಪ ನ್ಯಾಯವಾದದ್ದು. ಮನೆಯಲ್ಲಿ ಯಾರಿಗೇ ಹುಷಾರಿಲ್ಲದಿದ್ದರೂ "ನೋಡುವ ರೀತಿ ಬದಲಿಸಿಕೋ" ಅನ್ನುವುದು ಹೆಣ್ಣುಮಕ್ಕಳಿಗೇ. ಕೆಲಸ ಹಂಚುವುದಕ್ಕಿಂತ ಬುದ್ಧಿ ಹಂಚುವುದು ಸುಲಭ.

ಚಳ್ಳಕೆರೆ_ಈರುಳ್ಳಿ · 8:55

ಒಪ್ಪುತ್ತೇನೆ. ಆದರೆ ನಾನೂ ಒಬ್ಬಳು ಅಕ್ಕನಿಗೆ ತಮ್ಮ. ಅಮ್ಮ ಹಾಸಿಗೆ ಹಿಡಿದಾಗ ಅಕ್ಕ "ನೋಡಿಕೊಳ್ಳುತ್ತೇನೆ" ಅಂದಿದ್ದಳು, ನಾನು ನಂಬಿಬಿಟ್ಟೆ. ಕೆಟ್ಟ ಮನಸ್ಸಿನಿಂದಲ್ಲ. ಅವಳಿಗೆ ಎಲ್ಲ ಗೊತ್ತು, ನಾನು ಅಡ್ಡ ಬರಬಾರದು ಅಂದುಕೊಂಡಿದ್ದೆ. ಅವಳು "ಬುಧವಾರ, ಗುರುವಾರ ನೀನು ಇರಬೇಕು" ಅಂದಿದ್ದರೆ ಇರುತ್ತಿದ್ದೆ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅಮ್ಮ ಹೋದ ಮೇಲೆ ಈಗಲೂ ಅದು ಕೊರೆಯುತ್ತದೆ. ನಿಮ್ಮ ತಮ್ಮನಿಗೆ ಹಾಗಾಗುವುದು ಬೇಡ.

ಹೊನ್ನಾಳಿ_ಸೊಸೆ · 9:10

ನಾಲ್ಕು ವರ್ಷ ಅತ್ತೆಯನ್ನು ನೋಡಿಕೊಂಡವಳಾಗಿ ಹೇಳುತ್ತೇನೆ. ಹೇಳಿಕೊಡಬೇಕಾ ಅಂದರೆ, ಹೇಳಿಕೊಡಬಾರದು. ಅವರಿಗೇ ತಿಳಿಯಬೇಕು. ಆದರೆ ತಿಳಿಯುವವರೆಗೆ ಕಾದರೆ ನಮ್ಮ ಬೆನ್ನು ಉಳಿಯುವುದಿಲ್ಲ. ಕಷ್ಟ ಹೇಳಿದರೆ ಸಮಾಧಾನ ಹೇಳುತ್ತಾರೆ. ಕೆಲಸ ಹೇಳಿದರೆ ಕೆಲಸ ಮಾಡುತ್ತಾರೆ. ತಾರೀಖು ಹಾಕಿ ಹೇಳಿ.

ಹಳೇಪೇಟೆ_ಮಗಳು · ಮುಂದಿನ ಮಂಗಳವಾರ, ರಾತ್ರಿ 9:35

ಎಂಟು ದಿನ ಆಯಿತು. ಕೆಲವರು ಮೆಸೇಜ್ ಮಾಡಿ ವಿಚಾರಿಸಿದಿರಿ. ಬರೆಯುತ್ತೇನೆ.

ಬಸ್ಸಿನಲ್ಲಿ ಎರಡು ದಿನ ಸೀಟು ಸಿಕ್ಕಿತು. ನೋವು ಬರೆಯಲು ಆಗಲಿಲ್ಲ. ಶುರು ಮಾಡಿದರೆ ಎಲ್ಲರ ಮುಂದೆ ಅಳು ಬರುತ್ತದೆ ಅನ್ನಿಸಿತು. ಬದಲಿಗೆ ಮಾಡಬೇಕಾದ ಕೆಲಸಗಳನ್ನೆಲ್ಲ ಬರೆದೆ. 23 ಆದವು. ಮಾತ್ರೆ ತರುವುದರಿಂದ ಹಿಡಿದು ಮಗಳ ಹಾಲ್ ಟಿಕೆಟ್ ಜೆರಾಕ್ಸ್ ತನಕ. ಲೆಕ್ಕದವಳಲ್ವಾ, ಎದುರಿಗೆ ಇನ್ನೊಂದು ಕಾಲಂ ಎಳೆದೆ. ನಾನೇ ಮಾಡಬೇಕಾದದ್ದು, ಯಾರಾದರೂ ಮಾಡಬಹುದಾದದ್ದು. ನಾನೇ ಆಗಬೇಕಾದವು 8. ಮೂರು ಸಲ ಎಣಿಸಿದೆ. 8 ಮಾತ್ರ.

ತಮ್ಮನಿಗೆ ಫೋನ್ ಮಾಡಿದೆ. ಅವತ್ತು ಅಳಲಿಲ್ಲ, ಜಗಳವಾಡಲಿಲ್ಲ. ಪಟ್ಟಿ ಓದಿದೆ. "ಈ ತಿಂಗಳ ಶನಿವಾರ, ಭಾನುವಾರ ನಿನ್ನವು. ಔಷಧಿ ಬಿಲ್ಲು ನಿನ್ನದು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಶುಕ್ರವಾರ ರಾತ್ರಿ ಬಸ್ಸಿಗೇ ಬರುತ್ತೇನೆ" ಅಂದ. ಬಂದ. ಅಪ್ಪಾಜಿಗೆ ಸ್ನಾನ ಮಾಡಿಸಿ ಹೊರಗೆ ಬಂದವನು ಟವೆಲ್ ಕೈಯಲ್ಲಿ ಹಿಡಿದು ಹಿತ್ತಲಲ್ಲಿ ಒಬ್ಬನೇ ನಿಂತಿದ್ದ. ಬಹಳ ಹೊತ್ತು ನಿಂತಿದ್ದ. ಶನಿವಾರ ರಾತ್ರಿ ನಾನು ಏಳು ಗಂಟೆ ಮಲಗಿದೆ. ಎದ್ದಾಗ ಬಿಸಿಲು ಬಂದಿತ್ತು. ಕೋಪ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ.

ಮಗಳ ಹತ್ತಿರವೂ ಮಾತಾಡಿದೆ. ತಾತನ ಕೋಣೆಯಲ್ಲಿ ಕೂತು ಓದಬೇಕಾಗಿದೆಯಲ್ಲ, ಪಾಪ ಅಂತ ಎರಡು ತಿಂಗಳಿಂದ ಒಳಗೇ ಕೊರಗುತ್ತಿದ್ದೆ. "ನಾನೇ ಅಲ್ಲಿ ಕೂರುತ್ತೇನಮ್ಮ. ತಾತನಿಗೆ ಪಾಠ ಗಟ್ಟಿಯಾಗಿ ಓದಿ ಹೇಳಿದರೆ ನನಗೆ ನೆನಪಿರುತ್ತದೆ" ಅಂದಳು.

ಕೊನೆಯದು ಮಿಲ್ಲಿನ ಹಿರಿಯರಿಗೆ. ನೀವು ಬರೆದದ್ದನ್ನು ಅಪ್ಪಾಜಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದರು, ನಿದ್ದೆ ಹತ್ತಿತು ಅಂದುಕೊಂಡೆ. ರೋಲರಿನ ಮಾತು ಬಂದಾಗ ಎಡಗೈ ಹೊದಿಕೆಯ ಮೇಲೆ ಬಂತು. ಹೆಬ್ಬೆರಳು, ತೋರುಬೆರಳು ಸೇರಿಸಿ ಗಾಳಿಯಲ್ಲಿ ಒಂದು ಸಲ ಹೊಸೆದರು. ಎಳೆ ಕೂಡಿಸುವ ಹಾಗೆ. ಮತ್ತೆ ಇನ್ನೊಂದು ಸಲ. ಆಮೇಲೆ ನನ್ನನ್ನು ನೋಡಿ ತೊದಲುತ್ತಾ ಕೇಳಿದರು. ನನಗೆ ಮೊದಲು ತಿಳಿಯಲಿಲ್ಲ, ಮಗಳಿಗೆ ತಿಳಿಯಿತು. ನೀವು ಮಿಲ್ಲಿನ ಯಾವ ವಿಭಾಗದವರು ಅಂತ, "ಯಾವ ಖಾತೆ?" ಅಂತ ಕೇಳುತ್ತಿದ್ದರು.

ರಾತ್ರಿ_ಪಾಳಿ_ನರ್ಸ್ · 9:52

ಏಳು ಗಂಟೆ ನಿದ್ದೆ! ನನಗೆ ಇಷ್ಟು ಸಾಕು. ಏರ್ ಬೆಡ್ ತಂದಿರಾ?

ಹಳೇಪೇಟೆ_ಮಗಳು · 9:55

ಇನ್ನೂ ಇಲ್ಲ. ಬಾಡಿಗೆ ವಿಚಾರಿಸುತ್ತಿದ್ದೇನೆ.

ಕುಂದವಾಡ_ವಾಕಿಂಗ್ · 10:04

ಬಾಡಿಗೆಗೆ ತರಬೇಡಿ ತಂಗಿ. ನಮ್ಮ ಮನೆಯವರಿಗೆ ತಂದದ್ದು ಅಟ್ಟದ ಮೇಲಿದೆ, ಮೋಟಾರ್ ಸಮೇತ. ನಾಳೆ ಇಳಿಸಿ ಒರೆಸಿ ಗಾಳಿ ಹಿಡಿಯುತ್ತದಾ ನೋಡುತ್ತೇನೆ. ಮೆಸೇಜ್ ಕಳಿಸಿದ್ದೇನೆ, ನೋಡಿ.

ಮಿಲ್_ಪಾಳಿ_70 · ಬುಧವಾರ, ಬೆಳಗ್ಗೆ 7:15

ಸ್ಪಿನ್ನಿಂಗ್ ಖಾತೆ, ಎರಡನೇ ಪಾಳಿ ಅಂತ ಹೇಳಿ ಅಮ್ಮ. ಭಾನುವಾರ ಬರಲೇ?